ಗೋಣಿತಟ್ಟು ಇಲ್ಲದ ಕುಲುಮೆ

೨೭ ಆಗಸ್ಟ್ ೧೯೬೧, ಬಾಗೇವಾಡಿ

ಹೊಸ ವಹಿ ತಂದಾಗ ಮೊದಲ ಹಾಳೆ ಖಾಲಿ ಬಿಡುವುದು ನನ್ನ ಪದ್ಧತಿ. ದೇವರ ಬರಕತ್ತು, ಏಳಿಗೆ, ಬಂದರೆ ಕೂಡಲಿಕ್ಕೆ ಜಾಗ ಬೇಕಲ್ಲ. ಎಂಟು ತಿಂಗಳು ಕಾದೆ, ಬರಲಿಲ್ಲ. ಅದಕ್ಕೆ ಕುಲುಮೆಯ ವ್ಯವಹಾರಕ್ಕೆ ತಗಲಿದ್ದನ್ನೆಲ್ಲ ಇವತ್ತು ಈ ಹಾಳೆಯ ಮೇಲೆ ಹಿಡಿಯುತ್ತೇನೆ. ಮುಂದಿನ ಹಾಳೆಗಳಲ್ಲಿ ಇರುವುದು ಆಯಾ ದಿನ ಬರೆದದ್ದು. ಒಂದಕ್ಷರ ತಿದ್ದಿಲ್ಲ.

ತಗಡು ಹದಿನಾಲ್ಕು. ಬೇವಿನ ತೊಲೆ ಆರು. ಸೋಲಾಪುರದ ಉಕ್ಕಿನ ಸಲಾಕೆ ಎರಡು ಗಾಡಿ. ಇದ್ದಿಲು ಎಷ್ಟಂತ ಬರೆಯುವುದಿಲ್ಲ, ಬರೆದರೆ ಹೊಟ್ಟೆಯೂ ಉರಿಯುತ್ತದೆ. ವಿಜಾಪುರದ ದವಾಖಾನೆಗೆ ಜೀಪಿನ ಬಾಡಿಗೆ ಒಂದು ಸಲ, ಬಸ್ಸಿನ ಚಾರ್ಜು ನಾಲ್ಕು ಸಲ. ಸೋಮನಿಂಗನ ಮನೆಗೆ ಜೋಳ ಒಂದು ಚೀಲ. ಚಾವಡಿಯ ಹಿರಿಯರಿಗೆ ಚಹಾ, ಎಲೆ ಅಡಿಕೆ. ಒಟ್ಟು ಸಾವಿರದ ಮುನ್ನೂರಾ ಹದಿನೆಂಟು ರೂಪಾಯಿ ಎಂಟಾಣೆ. ಸರಕಾರದ ಹೊಸ ಲೆಕ್ಕಕ್ಕೆ ಐವತ್ತು ಪೈಸೆ ಅನ್ನಬೇಕು.

ಕಣ್ಣು ಹೋದದ್ದು ಸೋಮನಿಂಗನದು. ಅದು ನನ್ನ ಖರ್ಚಲ್ಲ. ಇಲ್ಲಿ ಹಿಡಿದಿಲ್ಲ.

೧೨ ಜನವರಿ

ಗೊಳಸಂಗಿಗೆ ಹೋಗಿ ಬಂದೆ. ಸರಕಾರ ಬಾವಿಗೆ ತಗಾವಿ ಸಾಲ ಕೊಡಲಿಕ್ಕೆ ಹತ್ತಿದ ಮೇಲೆ ಊರೂರಿಗೆ ಬಾವಿ. ನಮ್ಮ ಸೀಮೆಯಲ್ಲಿ ಎರಡಾಳು ತೋಡಿದರೆ ಕರಿಕಲ್ಲು. ಕರಿಕಲ್ಲಿಗೆ ಚಾಣ ಬೇಕು. ಗೇಣುದ್ದದ ಉಕ್ಕು, ಒಬ್ಬ ಹಿಡಿಯಬೇಕು, ಇನ್ನೊಬ್ಬ ಮೇಲೆ ಸುತ್ತಿಗೆ ಹಾಕಬೇಕು. ನನ್ನ ಅಂಗಡಿಯಲ್ಲಿ ಮಾರುವ ಸೋಲಾಪುರದ ಚಾಣ ಮಧ್ಯಾಹ್ನದೊಳಗೆ ಮೊಂಡಾಗುತ್ತದೆ. ಗೊಳಸಂಗಿಯ ಕಂಬಾರ ಮಾನಪ್ಪ ಕಾಕಾ ಬಡಿದ ಚಾಣ ಹೊತ್ತು ಮುಳುಗುವ ತನಕ ಕಲ್ಲು ತಿನ್ನುತ್ತದೆ. ಮುರಿಯುವುದಿಲ್ಲ, ಮಡಚುವುದಿಲ್ಲ.

ಕಾಕಾನ ಕುಲುಮೆಯಲ್ಲಿ ಕೂತಿದ್ದೆ. ಹೊರಗೆ ರಣಬಿಸಿಲು, ಒಳಗೆ ಕಣ್ಣಿಗೆ ಕಣ್ಣು ಕಾಣದ ಕತ್ತಲು. ಬಾಗಿಲಿಗೆ ಗೋಣಿತಟ್ಟು ಇಳಿಬಿಟ್ಟಿದ್ದಾರೆ. ಅವರ ಅಪ್ಪನ ಕಾಲದಿಂದಲೂ ಹಾಗೇ. ಇಪ್ಪತ್ತು ವರ್ಷದ ಹಿಂದೆ, ಗುಜರಿ ಬುಟ್ಟಿ ತಲೆಯ ಮೇಲೆ ಹೊತ್ತು ತಿರುಗುತ್ತಿದ್ದ ನನಗೆ ಇದೇ ತಟ್ಟು ಎತ್ತಿ ಹತ್ತು ಕುಡಗೋಲು ಕೊಟ್ಟು, "ಮಾರಿಕೊಂಡು ಬಾರೋ ತಮ್ಮಾ, ಮಾರದಿದ್ರ ತಿರಗಿ ತಾ" ಅಂದಿದ್ದರು. ಜಾಮೀನು ಕೇಳಲಿಲ್ಲ. ಹತ್ತೂ ಮಾರಿದೆ. ಇವತ್ತು ನಾಲ್ಕು ಬಾಗಿಲಿನ ಕಬ್ಬಿಣದ ಅಂಗಡಿ ಇದೆಯೆಂದರೆ ಅದರ ತಳಪಾಯದಲ್ಲಿ ಆ ಹತ್ತು ಕುಡಗೋಲು ಇವೆ. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಹೇಳಿದರೆ ಗಿರಾಕಿಗೂ ನಂಬಿಗೆ ಬರುತ್ತದೆ.

"ಕಾಕಾ, ಬಾಗೇವಾಡಿಗೆ ಬರ್ರಿ. ದೊಡ್ಡ ಕುಲಮಿ ಹಾಕೂಣು. ನೀವು ಬಡೀರಿ, ನಾ ಮಾರ್ತೇನಿ," ಅಂದೆ.

"ಊರ ಆಯ ಐತೆಲ್ಲೋ ಕಾಸಿಂ. ಕುಂಟಿ, ಕೂರಗಿ ಯಾರು ನೋಡ್ತಾರ?"

ಆಯವೆಂದರೆ ಸುಗ್ಗಿಯಲ್ಲಿ ಒಕ್ಕಲುಮಕ್ಕಳು ಕಣದಲ್ಲಿ ಅಳೆದು ಕೊಡುವ ಜೋಳ. ಅದಕ್ಕೆ ಬದಲು ವರ್ಷವಿಡೀ ಅವರ ಬೇಸಾಯದ ಸಾಮಾನು ಹದ ಮಾಡಿಕೊಡಬೇಕು. ಮೂರು ತಲೆಮಾರಿನಿಂದ ಆ ಮನೆ ಆ ಜೋಳದ ಮೇಲೇ ನಡೆದಿದೆ.

೩೦ ಜನವರಿ

ಒಪ್ಪಿದರು. ವಾರದಲ್ಲಿ ಎರಡು ದಿನ ಊರಿಗೆ, ಐದು ದಿನ ನನಗೆ. ಹೊನ್ನವ್ವ ಕಾಕಿ ನನಗೆ ರೊಟ್ಟಿ ಹಾಕುತ್ತ ಒಂದೇ ಮಾತು ಅಂದಳು: "ಮುಪ್ಪಿನಾಗ ಕರಕೊಂಡು ಹೊಂಟೀದಿ, ಹೊಳ್ಳಿ ಹಂಗ ತಂದುಬಿಡು."

"ಬೆಳ್ಳೀ ಮೂರ್ತಿ ಮಾಡಿ ತಂದುಬಿಡ್ತೇನಿ ಕಾಕಿ," ಅಂದೆ. ನಗಲಿಲ್ಲ. ಹೆಂಗಸರಿಗೆ ವ್ಯಾಪಾರದ ಮಾತು ತಿಳಿಯುವುದಿಲ್ಲ.

೧೮ ಫೆಬ್ರುವರಿ

ತಗಡಿನ ಶೆಡ್ಡು ಎದ್ದಿತು. ಬಸ್ಸು ನಿಲ್ಲುವ ರಸ್ತೆಗೆ ಮುಖ. ಮೂರು ಕಡೆ ಗೋಡೆಯೇ ಇಲ್ಲ. ಬೆಳಕೋ ಬೆಳಕು. ಬಸ್ಸಿಂದ ಇಳಿದವನಿಗೆ ಮೊದಲು ಕಾಣಬೇಕಾದದ್ದು ಕಿಡಿ, ಆಮೇಲೆ ನನ್ನ ಬೋರ್ಡು.

ಮಾನಪ್ಪ ಕಾಕಾ ಬಡಿಯಲಿಕ್ಕೆ ಕಬ್ಬಿಣದ ಅಡಿಗಲ್ಲು ಊರಿ, ಇಕ್ಕಳ ಜೋಡಿಸಿ, ಕೊನೆಗೆ ಮಡಚಿ ತಂದ ಗೋಣಿತಟ್ಟು ಬಿಚ್ಚಿದರು.

"ಇದನ್ನೆಲ್ಲಿ ಕಟ್ಟೂದೋ ಕಾಸಿಂ?"

"ಯಾಕ ಕಾಕಾ?"

"ಬೆಂಕಿ ಸೂರ್ಯಾನ ಮುಂದ ನಾಚತೈತಿ."

"ಅಂದ್ರ ಬೆಂಕಿಗೂ ಬುರಖಾ ಹೊಲಸೂಣೇನು? ನಮ್ಮ ಮನ್ಯಾಕಿ ಬಾನುಬಿದು ಹಳೇದೊಂದು ಬಿದ್ದೈತಿ."

ನಿಂತವರೆಲ್ಲ ನಕ್ಕರು. ಕಾಕಾನೂ ನಕ್ಕರು.

"ಯಾಕ ನಾಚತೈತಿ, ಅದನ್ನರ ಹೇಳ್ರಿ ನೋಡೂಣು."

"ನಮ್ಮಪ್ಪ ಹಂಗ ಹೇಳತಿದ್ದ. ಅವಗ ಅವರಪ್ಪ ಹೇಳಿದ್ನಂತ."

"ಅವರಪ್ಪಗ ಯಾರು ಹೇಳಿದ್ರು?"

"ಬೆಂಕಿನ ಹೇಳಿರಬೇಕು ತಗೋ."

ಕಾರಣ ಕೇಳಿದರೆ ಅಜ್ಜನ ಹೆಸರು ಹೇಳುವ ಪದ್ಧತಿ ಇವರದು. ನಾನು ಸಾಲಿಯ ಮೂರನೇ ಇಯತ್ತೆಗೆ ನಿಂತವ, ಆದರೂ ಲೆಕ್ಕ ಹೊಂದದ ಮಾತು ನಂಬುವುದಿಲ್ಲ. ತಟ್ಟನ್ನು ಇದ್ದಿಲ ಮೂಲೆಯಲ್ಲಿ ಹಾಸಿಬಿಟ್ಟೆ.

೩ ಮಾರ್ಚ್

ಜಾತ್ರೆಯ ಆಟದಂತೆ ಜನ ನಿಲ್ಲುತ್ತಾರೆ. ಕಾಕಾ ಕೆಂಪಗೆ ಕಾಯಿಸಿ ಬಡಿದು ಚಾಣದ ಮೂಗನ್ನು ನೀರಿಗೆ ಮುಟ್ಟಿಸಿ ತೆಗೆಯುತ್ತಾರೆ. ಚುರ್ ಅನ್ನುತ್ತದೆ. ಮೂಗನ್ನು ಕಲ್ಲಿಗೆ ತಿಕ್ಕಿ ಬೆಳ್ಳಗೆ ಮಾಡಿ ಹಿಡಿಯುತ್ತಾರೆ. ಹಿಂದಿನ ಕಾವು ಮೂಗಿನ ಕಡೆಗೆ ಇಳಿಯುತ್ತ ಬಣ್ಣ ಓಡುತ್ತವೆ. ಆಗ ನಾನು ಕೂಗುತ್ತೇನೆ: "ನೋಡ್ರಿ, ಗೋಧಿ ತೆನಿ ಬಣ್ಣ ಬಂತು! ಇನ್ನ ಬದನಿಕಾಯಿ ಬರತೈತಿ! ನವಿಲಿನ ಕುತ್ತಿಗಿ ಬರೂದರಾಗ ಮುಳಗಸಬೇಕು!" ಕಾಕಾ ಮುಳುಗಿಸುತ್ತಾರೆ. ಗಿರಾಕಿ ಕಿಸೆಗೆ ಕೈ ಹಾಕುತ್ತಾನೆ.

ಇವತ್ತು ತಾಂಬಾದಿಂದ ಬಂದವನೊಬ್ಬ ನನ್ನನ್ನು ಸಾವಕಾರ್ರ ಅಂದ. ಕಾಕಾನೂ ನಗೆಗೆ ಹಾಗೇ ಅಂದರು. ಕೇಳಲಿಕ್ಕೆ ಬಾಧೆ ಇಲ್ಲ.

೨೨ ಮಾರ್ಚ್

ಒಂದು ಚಾಣ ಅಡಿಗಲ್ಲಿನ ಮೇಲೇ ಮುರಿಯಿತು. ಮುರಿದ ಮುಖ ಬೆಳ್ಳಿಯಂತೆ ಫಳಫಳ ಹೊಳೆಯಿತು, ಕಲ್ಲುಪ್ಪಿನ ಹರಳಿನ ಹಾಗೆ. "ಎಂಥಾ ಜಾತಿ ಉಕ್ಕು ನೋಡ್ರಿ!" ಅಂತ ಗಿರಾಕಿಗಳಿಗೆ ತೋರಿಸಿದೆ. ಮಾನಪ್ಪ ಕಾಕಾ ಕೈಯಿಂದ ಕಸಿದುಕೊಂಡು ಬಹಳ ಹೊತ್ತು ನೋಡಿದರು.

"ಹೊಳೀಬಾರದು," ಅಂದರು. "ಊರಾಗಿಂದು ಮುರದ್ರ ಬೂದಿ ಬಣ್ಣ ಇರತೈತಿ, ಸಣ್ಣ ರವಾ ಇದ್ದಂಗ."

ಹೊಳೆಯುವುದು ಬೇಡವೆನ್ನುವ ಮನುಷ್ಯನನ್ನು ಇದೇ ಮೊದಲು ಕಂಡೆ.

೯ ಏಪ್ರಿಲ್

ಮುರಿದ ಚಾಣ ತಿರುಗಿ ಬಂದವು, ಮೂರು. ಗದ್ದಲ ಮಾಡದೆ ಬದಲಿ ಕೊಟ್ಟು ಕಳಿಸಿದೆ.

ಮಾನಪ್ಪ ಸಂಜೆ ಕೈಕಾಲು ತೊಳೆಯದೆ ಅಂಗಡಿಗೆ ಬಂದ. "ಊರ ಕುಲಮ್ಯಾಗ ಮಾಡಿದ್ದು ಒಂದೂ ತಿರಗಿ ಬಂದಿಲ್ಲೋ ಕಾಸಿಂ. ಇಲ್ಲೀವ ಬರಾಕತ್ತಾವ. ಉಕ್ಕು ಒಂದ, ಕೈ ಒಂದ. ಆ ತಟ್ಟು ಕಟ್ಟೂಣು."

"ಅಲ್ಲಿ ವಾರಕ್ಕ ಹತ್ತು ಮಾಡ್ತೀರಿ, ಇಲ್ಲೆ ಅರವತ್ತು. ಹೆಚ್ಚು ಮಾಡಿದ್ರ ಹೆಚ್ಚು ಮುರೀತಾವ. ಇದು ಗಣಿತ."

"ಗಣಿತ ನನಗ ತಿಳಿಯೂದಿಲ್ಲಪಾ. ಇಲ್ಲೆ ಕೆಂಪು ಕೆಂಪಾಗಿ ಕಾಣವಲ್ದು."

"ವಯಸ್ಸಾತು ಕಾಕಾ. ಕಣ್ಣಿಗೆ ಚಾಳೀಸ ಕೊಡಸ್ತೇನಿ."

ತಟ್ಟು ಕಟ್ಟಿದರೆ ಜನಕ್ಕೆ ಏನು ಕಾಣಬೇಕು? ಹದಿನಾಲ್ಕು ತಗಡು ಹಾಕಿದ್ದು ಗೋಣಿ ತೋರಿಸಲಿಕ್ಕಲ್ಲ.

೧೦ ಏಪ್ರಿಲ್

ಮಾರಾಟ ಛಲೋ.

೨೫ ಏಪ್ರಿಲ್

ಮಾರಾಟ ಛಲೋ. ತಿರುಗಿ ಬಂದವು ಎರಡು. ಮಾನಪ್ಪ ಮಾತು ಕಡಿಮೆ ಮಾಡಿದ್ದಾನೆ. ಕೆಲಸಕ್ಕೆ ಅದೇ ಒಳ್ಳೆಯದು.

೪ ಮೇ

ಗೊಳಸಂಗಿಯ ಬಸಂತರಾಯರ ಬಾವಿಯಲ್ಲಿ ಚಾಣ ಸಿಡಿದು ಸೋಮನಿಂಗನ ಬಲಗಣ್ಣಿಗೆ ಹೊಕ್ಕಿದೆ. ಬಾವಿ ತೋಡುವ ಆಳು, ಎರಡು ಮಕ್ಕಳ ತಂದೆ. ಅವ ಚಾಣ ಹಿಡಿದಿದ್ದ, ಅವನ ತಮ್ಮನೇ ಸುತ್ತಿಗೆ ಹಾಕಿದ್ದ. ಮೂಗಿನ ತುಂಡು ಒಡೆದು ಕಲ್ಲಿಗೆ ಬಡಿದು ಹೊಳ್ಳಿ ಬಂತಂತೆ.

ಚಾಣ ನನ್ನ ಅಂಗಡಿಯದು. ನಿನ್ನೆ ಒಯ್ದದ್ದು.

ಜೀಪು ಮಾಡಿಕೊಂಡು ವಿಜಾಪುರಕ್ಕೆ ಕರೆದೊಯ್ದೆ. ದಾರಿಯುದ್ದಕ್ಕೂ ಅವ ಅಳಲಿಲ್ಲ. "ಸಾವಕಾರ್ರ, ನೀರು ಹತ್ತಿತ್ತೇನ್ರಿ? ಕಲ್ಲು ಹಸಿ ಆಗಿತ್ತು," ಅಂತ ಕೇಳುತ್ತಿದ್ದ.

೫ ಮೇ

ಕಣ್ಣು ತೆಗೆದರು.

೧೧ ಮೇ

ಬಸಂತರಾಯರ ಅಳಿಯ ರಾವಸಾಬ ಅಂಗಡಿಗೆ ಬಂದಿದ್ದ. ಹುಬ್ಬಳ್ಳಿಯ ಕಡೆ ಯಾವುದೋ ಕಸಬಿನ ಸಾಲಿಯಲ್ಲಿ ಲೋಹದ ಪಾಠ ಹೇಳುವ ಹುಡುಗ ಮಾಸ್ತರ, ರಜೆಗೆ ಬಂದವ. ಸಿಡಿದ ಚಾಣವನ್ನು ಕಾಗದದಲ್ಲಿ ಸುತ್ತಿ ತಂದಿದ್ದ. ಗೊಳಸಂಗಿಯ ಕುಲುಮೆಯಿಂದ ಒಂದು ಹಳೇ ಚಾಣವನ್ನೂ ಬೇಡಿ ತಂದಿದ್ದ. ಅದನ್ನೂ ನನ್ನೆದುರೇ ಸುತ್ತಿಗೆಯಿಂದ ಮುರಿದ. ಬಹಳ ಏಟು ಬೇಕಾದವು.

ಮೊದಲು ಎರಡರ ಮೇಲೂ ಅರ ತಿಕ್ಕಿದ. ಅರ ಎರಡರ ಮೇಲೂ ಜಾರಿತು.

"ನೋಡ್ರಿ, ಗಡಸುತನ ಎರಡರದೂ ಸರೀನ ಐತಿ. ಬಣ್ಣ ನೋಡಿ ನೀರು ಕುಡಸೂದ್ರಾಗ ಮುದುಕ ತಪ್ಪಿಲ್ಲ."

ಆಮೇಲೆ ಕಿಸೆಯಿಂದ ಭೂತಗನ್ನಡಿ ತೆಗೆದು ನನ್ನ ಕೈಗೆ ಕೊಟ್ಟ. ಹಳೇ ಚಾಣದ ಮುರಿದ ಮುಖದಲ್ಲಿ ಬೂದಿ ಬಣ್ಣದ ನುಣ್ಣನೆ ರವೆ, ಒತ್ತೊತ್ತಾಗಿ. ನನ್ನ ಚಾಣದಲ್ಲಿ ದಪ್ಪ ದಪ್ಪ ಹರಳು, ನಡುನಡುವೆ ಬಿರುಕು.

"ಉಕ್ಕಿನ ಒಳಗ ಹಿಂಗ ಕಾಳು ಇರತಾವ್ರಿ. ಬೇಕಾದಷ್ಟ ಕಾಯಿಸಿ ನೀರಿಗೆ ಹಾಕಿದ್ರ ಸಣ್ಣ ಉಳೀತಾವ, ಒಂದನ್ನೊಂದು ಬಿಗಿ ಹಿಡೀತಾವ. ಹೆಚ್ಚು ಕಾಯಿಸಿದ್ರ ಉಬ್ಬತಾವ. ಆಮ್ಯಾಲ ನೀವು ಎಂಥಾ ನೀರು ಕುಡಸ್ರಿ, ಮ್ಯಾಲ ಗಡಸು, ಒಳಗ ಟೊಳ್ಳು. ಈ ಚಾಣ ಹದಕ್ಕಿಂತ ಭಾಳ ಕಾದೈತಿ. ಎಲ್ಲೈತಿ ಕುಲಮಿ?"

ತೋರಿಸಿದೆ. ಅವ ಶೆಡ್ಡಿನ ನಡುವೆ ನಿಂತು ಸುತ್ತ ನೋಡಿ ಹಣೆ ಬಡಿದುಕೊಂಡ.

"ಈ ಬಿಸಲಾಗ ಕೆಂಪು ಹೆಂಗ ಕಾಣಬೇಕ್ರಿ? ಕತ್ತಲ್ಯಾಗ ಕೆಂಡದಂಗ ಕಾಣೂದು ಇಲ್ಲಿ ಕರಿದು ಕಾಣತೈತಿ. ಕೆಂಪಗ ಕಾಣೂತನಾ ಕಾಯಸಿದ್ರ ಅದು ಹದಾ ದಾಟಿ ಹೋಗಿರತೈತಿ. ಮುದುಕ ಅಲ್ಲೆ ತಟ್ಟು ಕಟ್ಟಿದ್ದು ಅದಕ್ಕಲ್ಲೇನು? ಇಲ್ಲೆ ಯಾರು ಬಿಚ್ಚಿದ್ರು?"

ನಾನು ಚಹಾ ತರಿಸಿದೆ.

ಅವನಿಗೆ ಸಂಜೆಯ ಬಸ್ಸು ಇತ್ತು. ಬಸಂತರಾಯರು ಸೋಮನಿಂಗನ ಕೂಡ ವಿಜಾಪುರದಲ್ಲಿ ಇದ್ದರು. ಒಂದು ಚೀಟಿಯ ಮೇಲೆ ಇದನ್ನೆಲ್ಲ ಬರೆದು ಸಹಿ ಹಾಕಿ ನನ್ನ ಕೈಗಿಟ್ಟ. "ಇನ್ನ ಮೂರು ದಿನಕ್ಕ ಚಾವಡ್ಯಾಗ ಹಿರೇರು ಕೂಡ್ತಾರಂತಲ್ರಿ, ಅಲ್ಲಿ ಓದಿ ಹೇಳ್ರಿ. ಮುದುಕನ ಹೆಸರು ಉಳೀತೈತಿ. ನಿಮ್ಮ ಮಾತು ಊರು ಕೇಳತೈತಿ ಅಂತ ನಮ್ಮ ಮಾವನವರು ಅಂತಿದ್ರು."

ಹೌದು, ಕೇಳುತ್ತದೆ.

೧೩ ಮೇ

ಸಂಜೆಯ ಬಸ್ಸು ಗೊಳಸಂಗಿಗೆ. ನಾಳೆ ಬೆಳಿಗ್ಗೆ ಚಾವಡಿ. ಚೀಟಿ ಅಂಗಿಯ ಕಿಸೆಯಲ್ಲಿದೆ. ಓದಿದರೆ ಏನಾಗುತ್ತದೆ ಅಂತ ಕೂತು ಯೋಚಿಸಿದೆ. ಈ ಮೂರು ತಿಂಗಳಲ್ಲಿ ಮಾರಿದ ಚಾಣ ಏಳುನೂರಾ ನಲವತ್ತು. ಒಂದು ಕೆಟ್ಟಿತ್ತು ಅಂದರೆ ಅದು ಕೈತಪ್ಪು. ಶೆಡ್ಡೇ ಕೆಟ್ಟಿತ್ತು ಅಂದರೆ ಏಳುನೂರಾ ನಲವತ್ತೂ ತಿರುಗಿ ಬರುತ್ತವೆ. ಸಿಂದಗಿ, ಇಂಡಿ, ಮುದ್ದೇಬಿಹಾಳ, ಎಲ್ಲ ಕಡೆಯಿಂದ. ಅವು ಈಗಲೂ ಯಾರಯಾರದೋ ಕೈಯಲ್ಲಿ ಇವೆ. ಸೋಮನಿಂಗನ ಕಣ್ಣಿನ ಸುದ್ದಿ ಕೇಳಿದಾಗಿನಿಂದ, ಕರೆದು ವಾಪಸು ತಗೊಳ್ಳಬೇಕು ಅಂತ ಬಾನುಬಿ ಅನ್ನುತ್ತಾಳೆ. ಅವಳಿಗೇನು, ಅಡಿಗೆಮನೆಯಲ್ಲಿ ಕೂತು ಅನ್ನುವುದು ಸೋವಿ, ಕಾಸೂ ಖರ್ಚಿಲ್ಲ.

೧೪ ಮೇ

ಚಾವಡಿ ತುಂಬಿತ್ತು. ಸೋಮನಿಂಗ ಪಟ್ಟಿ ಕಟ್ಟಿಕೊಂಡು ಕಂಬಕ್ಕೆ ಒರಗಿದ್ದ. ಅವನ ಹೆಂಡತಿ ಕಸ್ತೂರೆವ್ವ ಸೆರಗು ಬಾಯಿಗಿಟ್ಟು ಹೊರಗೆ ಕೂತಿದ್ದಳು. ಬಸಂತರಾಯರು ನಡುವೆ ಕೂತು ಕೇಳಿದರು.

"ಮಾನಪ್ಪ, ಚಾಣ ನಿಂದೇನು?"

"ನಂದರೀ. ನಾನ ಬಡದದ್ದು."

"ಹಿಂಗ್ಯಾಕ ಆತು?"

"ತಿಳೀವಲ್ದರಿ. ಈ ಊರಾಗ ಮೂವತ್ತು ವರ್ಷ ಬಡದೇನಿ. ಯಾರ ಮೈಮ್ಯಾಲರ ಒಂದು ಗೀರು ಆಗೇತೇನು, ಕೇಳ್ರಿ."

ಯಾರೋ ಹಿಂದಿನಿಂದ, "ಊರಿಗೆ ಜೋಳಕ್ಕ ಬಡೀತಿದ್ದ, ಅಲ್ಲಿ ರೊಕ್ಕಕ್ಕ ಬಡದ. ರೊಕ್ಕದ ಕೈ ಅವಸರದ ಕೈ," ಅಂದ. ಚಾವಡಿ ಹೂಂಗುಟ್ಟಿತು. ಒಳ್ಳೆಯ ಮಾತು, ನಾನೇ ಅನ್ನಬಹುದಿತ್ತು.

ಮಾನಪ್ಪ ನನ್ನ ಕಡೆ ತಿರುಗಿದ. "ಕಾಸಿಂ, ನೀ ದಿನಾ ನೋಡಾಂವ. ನೀ ಹೇಳು. ನಾ ಅವಸರ ಮಾಡಿದ್ನೇನು? ನಾ ನಿನಗ ತಟ್ಟು ಕಟ್ಟು ಅಂದಿದ್ದಿಲ್ಲೇನು?"

ಎಲ್ಲರೂ ನನ್ನನ್ನೇ ನೋಡಿದರು. ಚೀಟಿ ಕಿಸೆಯಲ್ಲಿ ಬೆಚ್ಚಗಿತ್ತು. ನಾನು ಎದ್ದು ನಿಂತೆ. ಮಾತಿಗೆ ನನಗೆ ಎಂದೂ ತಡವಿಲ್ಲ.

"ಹಿರೇರು ಕೂತೀರಿ, ಸುಳ್ಳು ಹೇಳಬಾರದು. ತಟ್ಟು ಅಂದಿದ್ದು ಖರೇ. ಯಾಕ ಅಂದ್ರ, ಬೆಂಕಿ ನಾಚತೈತಿ ಅಂದ್ರು. ನೀವ ಹೇಳ್ರಿ, ಬೆಂಕಿ ನಾಚತೈತೇನ್ರಿ?"

ನಗೆ ಎದ್ದಿತು. ಸೋಮನಿಂಗನ ತಮ್ಮನೂ ನಕ್ಕ.

"ಮಾನಪ್ಪ ಕಾಕಾ ನನ್ನ ಅನ್ನದಾತ. ಅವರ ಕೈ ಮ್ಯಾಲ ನಾ ಮಾತಾಡೂದಿಲ್ಲ. ವಯಸ್ಸಾಗೇತಿ, ಅಷ್ಟ. ಮಾಡಾಂವ ಅಂವ, ಮಾರಾಂವ ನಾ. ಸೋಮನಿಂಗನ ಮನಿಗೆ ನನ್ನ ಕಡೆಯಿಂದ ಒಂದು ಚೀಲ ಜೋಳ, ತಪ್ಪಿಗಲ್ಲ, ಮನುಷ್ಯಾರಾಗಿ."

ಚಾವಡಿ ನನ್ನನ್ನು ಹೊಗಳಿತು. ಮಾನಪ್ಪನ ಈ ವರ್ಷದ ಆಯವೆಲ್ಲ ಸೋಮನಿಂಗನ ಮನೆಗೆ ಅಂತ ತೀರ್ಮಾನ ಆಯಿತು. ಅದಕ್ಕೆ ಮಾನಪ್ಪ ತಲೆಯಾಡಿಸಿ ಒಪ್ಪಿದ. ಆದರೆ ಆಮೇಲೆ ಒಬ್ಬ ಎದ್ದು, "ಇನ್ನ ಅವನ ಕುಲಮಿಗೆ ಕುಡಗೋಲು ಕೊಡಾಕ ನಮಗ ಅಂಜಿಕಿ ಬರತೈತಿ," ಅಂದ. ಇನ್ನೊಬ್ಬ ಎದ್ದ. ಮತ್ತೊಬ್ಬ. ಯಾರೂ ಬೈಯಲಿಲ್ಲ. ಬೈದಿದ್ದರೆ ಅವ ತಡೆದುಕೊಳ್ಳುತ್ತಿದ್ದ ಅನಿಸುತ್ತದೆ.

ಹೊರಗೆ ಬರುವಾಗ ಮಾನಪ್ಪ ನನಗೆ, "ಬರ್ತೇನ್ರಿ ಸಾವಕಾರ್ರ," ಅಂದ. ಈ ಸಲ ನಗೆಗಲ್ಲ.

೧೫ ಮೇ

ಅಂಗಿ ಒಗೆಯಲಿಕ್ಕೆ ಹೋಗಿತ್ತು. ಚೀಟಿ ಈ ವಹಿಯ ಮೇಲೆ ಬಿಚ್ಚಿ ಇಟ್ಟಿತ್ತು, ಒಣಗಿದ್ದೇ ಇತ್ತು. ಬಾನುಬಿ ತೆಗೆದಿಟ್ಟಿದ್ದಾಳೆ. ಛಲೋ ಹೆಣ್ಣುಮಗಳು, ಕಾಗದ ತೋಯಗೊಡಲಿಲ್ಲ. ಅವಳಿಗೆ ಓದಲಿಕ್ಕೆ ಬರುತ್ತದೆ ಅನ್ನುವುದು ನನಗೆ ಮರೆತೇ ಹೋಗಿತ್ತು.

೨ ಜೂನ್

ಬಾನುಬಿ ಈಗ ಚಹಾ ಇಟ್ಟು ಒಳಗೆ ಹೋಗುತ್ತಾಳೆ, ಕೂಡುವುದಿಲ್ಲ. ಕೆಲಸ ಹೆಚ್ಚಿರಬೇಕು.

೨೧ ಜೂನ್

ಬಿತ್ತಿಗೆಯ ಮಿರಗದ ಮಳೆ ಆಯಿತು. ಗೊಳಸಂಗಿಯ ಜನ ಕುಂಟೆ ಕೂರಿಗೆ ಹೊತ್ತು ನಾಲ್ಕು ಹರದಾರಿ ದೂರದ ಊರಿಗೆ ಹೋಗುತ್ತಿದ್ದಾರಂತೆ. ಮಾನಪ್ಪನ ಕುಲುಮೆಯ ಎದುರಿನಿಂದಲೇ ದಾರಿ. ಅವ ಒಲೆ ಹೊತ್ತಿಸಿ, ತಟ್ಟು ಇಳಿಬಿಟ್ಟು, ಒಳಗೆ ಕೂತಿರುತ್ತಾನಂತೆ. ಯಾರೂ ತಟ್ಟು ಎತ್ತುವುದಿಲ್ಲ.

೮ ಜುಲೈ

ಕಂಬಾರ ಊರು ಬಿಟ್ಟ. ತನ್ನ ಕುಲುಮೆಯ ಅಡಿಗಲ್ಲು ಮಾರಲಿಕ್ಕೆ ಹೊನ್ನವ್ವನನ್ನು ನನ್ನ ಅಂಗಡಿಗೇ ಕಳಿಸಿದ್ದ. ಅವಳು ಒಳಗೆ ಬರಲಿಲ್ಲ, ಮೆಟ್ಟಿಲ ಮೇಲೆ ನಿಂತು ತೂಕ ಮಾಡಿಸಿದಳು. ಗುಜರಿ ದರಕ್ಕೆ ತಗೊಂಡೆ, ಅದರ ಮೇಲೆ ಎರಡು ರೂಪಾಯಿ ಹೆಚ್ಚಿಗೆ ಇಟ್ಟೆ. ಎರಡು ರೂಪಾಯಿ ಕಟ್ಟೆಯ ಮೇಲೇ ಬಿಟ್ಟು ಹೋದಳು. ಮರೆತಿರಬೇಕು.

೧೯ ಜುಲೈ

ರಾವಸಾಬ ಮಾಸ್ತರನ ಕಾರ್ಡು ಬಂದಿದೆ. "ಚೀಟಿ ಓದಿದಿರೇನು? ಹಿರಿಯರು ಏನಂದರು?"

ಉತ್ತರ ಬರೆದೆ: "ಓದಿದೆ. ಯಾರೂ ಕೇಳಲಿಲ್ಲ. ನಮ್ಮ ಜನಕ್ಕೆ ವಿದ್ಯೆಯ ಮಾತು ಹತ್ತುವುದಿಲ್ಲ, ಏನು ಮಾಡುವುದು." ಅಕ್ಷರ ದುಂಡಗೆ ಬಂದವು.

೬ ಆಗಸ್ಟ್

ಮೋರಟಗಿಯಿಂದ ಖಂಡೆಪ್ಪ ಅನ್ನುವ ಹೊಸ ಕಂಬಾರನನ್ನು ತಂದೆ. ಶೆಡ್ಡಿನ ಮೂರೂ ಕಡೆಗೆ ಗೋಣಿ ಹೊಲಿಸಿ ಕಟ್ಟಿಸಿದೆ. ಒಳಗೆ ಈಗ ಗವ್ವೆನ್ನುವ ಕತ್ತಲು, ಉಕ್ಕು ಕೆಂಪಗೆ ಸರಿಯಾಗಿ ಕಾಣುತ್ತದೆ. ಮೊದಲ ಚಾಣ ನಾನೇ ಮುರಿದು ನೋಡಿದೆ. ಬೂದಿ ಬಣ್ಣ, ಸಣ್ಣ ರವೆ.

ಗಿರಾಕಿಯೊಬ್ಬ, "ಇದೇನ್ರಿ ಗೋಣಿ?" ಅಂದ.

"ಶಾಸ್ತ್ರ ಐತಿ," ಅಂದೆ. "ಕುಲಮ್ಯಾಗ ಬೆಳಕು ಬಿದ್ರ ಉಕ್ಕಿನ ಕಾಳು ಉಬ್ಬತಾವ. ಎಲ್ಲಾರಿಗೂ ತಿಳಿಯೂ ಮಾತಲ್ಲ ಇದು." ಬಾಯಿ ತೆರೆದು ಕೇಳಿದ. ಆರು ಚಾಣ ಒಯ್ದ.

೩ ಸೆಪ್ಟೆಂಬರ್

ಬಸಂತರಾಯರ ಬಾವಿಗೆ ನೀರು ಬಿತ್ತು. ಊಟಕ್ಕೆ ಕರೆದಿದ್ದರು, ಹೋಗಿ ಬಂದೆ. ಬಾನುಬಿ ಬರಲಿಲ್ಲ. ಇವತ್ತಿಗೆ ಈ ವ್ಯವಹಾರ ಮುಗಿಯಿತು. ಯಾರಿಗೆ ಏನು ಬಂತು ಅನ್ನುವುದನ್ನು ಬರೆದು ಮುಚ್ಚುತ್ತೇನೆ.

ಬಸಂತರಾಯರಿಗೆ: ಇಪ್ಪತ್ತೆಂಟು ಮೊಳಕ್ಕೆ ನೀರು. ಸಿಹಿನೀರು.

ಸೋಮನಿಂಗನಿಗೆ: ಒಂದು ವರ್ಷದ ಆಯ, ಒಂದು ಚೀಲ ಜೋಳ, ಎಡಗಣ್ಣು. ಈಗ ಬಾವಿಯ ಕೆಲಸಕ್ಕೆ ಯಾರೂ ಕರೆಯುವುದಿಲ್ಲ. ಹೊಲ ಕಾಯುತ್ತಾನೆ.

ಅವನ ತಮ್ಮನಿಗೆ: ಮತ್ತೆ ಎತ್ತದ ಸುತ್ತಿಗೆ.

ರಾವಸಾಬನಿಗೆ: ಒಂದು ಕಾರ್ಡು.

ಖಂಡೆಪ್ಪನಿಗೆ: ತಿಂಗಳ ಪಗಾರ, ಒಳ್ಳೆಯ ಅಡಿಗಲ್ಲು.

ಗೊಳಸಂಗಿಗೆ: ನಾಲ್ಕು ಹರದಾರಿ ನಡಿಗೆ.

ಹೊನ್ನವ್ವನಿಗೆ: ಅಡಿಗಲ್ಲಿನ ತೂಕದಷ್ಟು ರೊಕ್ಕ.

ಮಾನಪ್ಪ ಕಂಬಾರನಿಗೆ: ಸೋಲಾಪುರದ ಒಂದು ಗ್ಯಾರೇಜಿನಲ್ಲಿ ಲಾರಿಯ ಟಾಯರಿಗೆ ಗಾಳಿ ಹೊಡೆಯುವ ಕೆಲಸ. ಬಂದವರು ಹೇಳಿದರು. ತನ್ನ ಊರು ಯಾವುದೆಂದು ಅಲ್ಲಿ ಯಾರಿಗೂ ಹೇಳಿಲ್ಲವಂತೆ.

ನನಗೆ: ದಿನಕ್ಕೆ ಹದಿನಾರು ಚಾಣ. ಒಂದೂ ತಿರುಗಿ ಬಂದಿಲ್ಲ.